ಸಿರಿಂಜಿನ ಇತಿಹಾಸ ಹಾಗೂ ಗ್ರಾಮ ಪಂಚಾಯಿತಿಯ ಹೊಣೆ



ನಮ್ಮ ಪಂಚಾಯಿತಿಯ ಕಸ ವಿಂಗಡಣೆ ಘಟಕದಲ್ಲಿ ದುಡಿಯುವ ಸಹೋದರಿಯೊಬ್ಬರ ಬೆರಳಿಗೆ ಒಣಕಸದಲ್ಲಿದ್ದ ಸೂಜಿಯೊಂದು ಚುಚ್ಚಿತು. ಅದು ಮಧುಮೇಹಿಯೊಬ್ಬರದೋ, ಹಸುವಿಗೆ ಬಳಸಿದ್ದೋ, ಮಾದಕ ವ್ಯಸನಿಯದೋ ತಿಳಿಯಲಿಲ್ಲ. ಮುಂದೇನು ಮಾಡಬೇಕೆಂಬುದು ಅಲ್ಲಿದ್ದ ಯಾರಿಗೂ, ನನಗೂ, ಆ ಕ್ಷಣಕ್ಕೆ ಹೊಳೆಯಲಿಲ್ಲ. ಈ ಲೇಖನಕ್ಕೆ ಅದೇ ಪ್ರೇರಣೆ.

ಹಿನ್ನೆಲೆ

1853ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ವುಡ್ ಹಾಗೂ ಫ್ರಾನ್ಸಿನ ಶಾರ್ಲ್ ಪ್ರವಾಜ್ ಪ್ರತ್ಯೇಕವಾಗಿ ಟೊಳ್ಳು ಸೂಜಿಯ ಸಿರಿಂಜನ್ನು ರೂಪಿಸಿದರು. ಮಾರ್ಫಿನನ್ನು ಚುಚ್ಚಿದರೆ ಚಟ ಹತ್ತದೆಂಬ ಅಂದಿನ ನಂಬಿಕೆ ಬಹುಬೇಗ ಸುಳ್ಳಾಯಿತು. ಅಮೆರಿಕದಲ್ಲಿ ಕಾನೂನು ಬಿಗಿಯಾದಾಗ ವ್ಯಸನಿಗಳು ಕಣ್ಣಿಗೆ ಔಷಧಿ ಹಾಕುವ ಡ್ರಾಪರಿಗೆ ಸೂಜಿ ಸಿಕ್ಕಿಸಿ ಬಳಸತೊಡಗಿದರು. ಚಟ ನಿಲ್ಲಲಿಲ್ಲ, ಸಾಧನ ಮಾತ್ರ ಇನ್ನಷ್ಟು ಅಪಾಯಕಾರಿಯಾಯಿತು. 1956ರಲ್ಲಿ ನ್ಯೂಜಿಲೆಂಡಿನ ಔಷಧ ವ್ಯಾಪಾರಿಯೂ ಪಶುವೈದ್ಯರೂ ಆಗಿದ್ದ ಕಾಲಿನ್ ಮರ್ಡಾಕ್ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜಿಗೆ ಪೇಟೆಂಟ್ ಪಡೆದರು. ಆದರೆ ಸಿರಿಂಜು ಸಿಗದ ಅಥವಾ ಕೊಳ್ಳಲು ಅಂಜುವ ಕಡೆ ಒಂದೇ ಸಿರಿಂಜು ಹಲವರ ಕೈ ದಾಟಿತು. 1989–90ರಲ್ಲಿ ಮಣಿಪುರದಲ್ಲಿ ಕೆಲವೇ ತಿಂಗಳುಗಳೊಳಗೆ ಪರೀಕ್ಷೆಗೊಳಗಾದ ಚುಚ್ಚುಮದ್ದು ವ್ಯಸನಿಗಳಲ್ಲಿ ಅರ್ಧದಷ್ಟು ಮಂದಿಗೆ ಎಚ್‌ಐವಿ ತಗುಲಿದ್ದು ಹೀಗೆಯೇ. ಅದಕ್ಕೂ ಮೊದಲೇ, 1984ರಲ್ಲಿ, ಆಮ್ಸ್ಟರ್‌ಡ್ಯಾಮಿನಲ್ಲಿ ಹಳೆಯ ಸೂಜಿ ಪಡೆದು ಹೊಸದನ್ನು ಕೊಡುವ ಕ್ರಮ ಆರಂಭವಾಗಿತ್ತು. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವೂ ಇದೇ ಹಾದಿ ಹಿಡಿದಿದೆ.

2019ರ ಕೇಂದ್ರ ಸರ್ಕಾರದ ಸಮೀಕ್ಷಾ ವರದಿಯಂತೆ ದೇಶದಲ್ಲಿ ಸುಮಾರು 8.5 ಲಕ್ಷ ಮಂದಿ ಮಾದಕ ವಸ್ತು ಚುಚ್ಚಿಕೊಳ್ಳುತ್ತಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಬೆಂಗಳೂರಿಗೂ ಆಂಧ್ರದ ಗಡಿಗೂ ನಡುವೆ ಇವೆ. ಇದು ನಮಗೆ ದೂರದ ಸಂಗತಿಯೆಂದು ಸುಮ್ಮನಿರಲಾಗದು.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಬೆರಳನ್ನು ಬಾಯಿಗಿಡದೆ, ಸೋಪು ಮತ್ತು ನೀರಿನಿಂದ ತೊಳೆದು ತಕ್ಷಣ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು. ಎಚ್‌ಐವಿ ತಡೆ ಔಷಧವನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಬೇಗನೆ ಆರಂಭಿಸಿದಷ್ಟೂ ಉತ್ತಮ.

2. ಸ್ವಚ್ಛತಾ ಸಿಬ್ಬಂದಿಗೆ ದಪ್ಪ ಕೈಗವಸು, ಚಿಮಟ ಒದಗಿಸುವುದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು.

3. ಮನೆ ಹಾಗೂ ಕೊಟ್ಟಿಗೆಯ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಪಡೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಸಮನ್ವಯದಿಂದ ವಿಲೇವಾರಿ ಮಾಡುವುದು.

4. ವ್ಯಸನಿಯ ಕುಟುಂಬಕ್ಕೆ 14446 ಉಚಿತ ಸಹಾಯವಾಣಿ ತಿಳಿಸುವುದು. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಪಡುವ ವ್ಯಸನಿಗೆ 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ.

5. ಗ್ರಾಮ ಸಭೆಯಲ್ಲಿ ವ್ಯಸನಿಯ ಹೆಸರೆತ್ತದಿರುವುದು. ಅವಮಾನಕ್ಕೆ ಅಂಜಿದವನು ಮರೆಗೆ ಸರಿಯುತ್ತಾನೆ. ಅವನ ಸೂಜಿ ನಮ್ಮ ಕಸದ ರಾಶಿ ಸೇರುತ್ತದೆ.

ಆ ಸಹೋದರಿಗೆ ಸಕಾಲದಲ್ಲಿ ಔಷಧ ದೊರೆಯಿತು. ಅವರ ಪರೀಕ್ಷಾ ವರದಿಗಳಲ್ಲಿ ಸೋಂಕು ಕಂಡುಬರಲಿಲ್ಲ. ಈಗ ಘಟಕದ ಗೋಡೆಯ ಮೇಲೆ ಮೊದಲನೆಯ ಅಂಶವನ್ನು ದಪ್ಪಕ್ಷರಗಳಲ್ಲಿ ಬರೆಸಿದ್ದೇವೆ. ತಮ್ಮ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಐದು ಅಂಶಗಳನ್ನು ಚರ್ಚಿಸಿ ನಿರ್ಣಯ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ