ಹಚ್ಚಿದ ಮುಲಾಮೇ ಉರಿಸಿದರೆ

ಮಳೆಗಾಲ ಹಿಡಿಯಿತೆಂದರೆ ಭಟ್ಕಳದಿಂದ ಕುಮಟಾದವರೆಗೆ ಕೆಸರುಹುಣ್ಣು, ಹುಳುಕಡ್ಡಿಯ ಕಾಟ. ನೇರ ಮೆಡಿಕಲ್‌ಗೆ ಹೋಗಿ ‘ತುರಿಕೆಗೊಂದು ಟ್ಯೂಬ್ ಕೊಡಿ’ ಎನ್ನುವುದು ನಮ್ಮ ರೂಢಿ. ಹಚ್ಚಿ ಒಂದೆರಡು ದಿನಕ್ಕೆ ಚರ್ಮ ಕೆಂಪೇರಿ ನೀರೊಡೆದರೆ, ರೋಗವೇ ಜೋರಾಯಿತೆಂದು ಇನ್ನಷ್ಟು ಬಳಿಯುತ್ತೇವೆ. ಆದರೆ ಇಂಥ ಮುಲಾಮುಗಳಲ್ಲಿರುವ ನಿಯೋಮೈಸಿನ್, ಬೆಂಜೊಕೇನ್, ಲ್ಯಾನೊಲಿನ್‌ಗಳಿಗೆ ಕೆಲವರ ಮೈ ಒಗ್ಗುವುದಿಲ್ಲ. ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿದ್ದರಂತೂ ಅಲರ್ಜಿ ಕೆಲಕಾಲ ಅಡಗಿಯೇ ಇರುತ್ತದೆ.

ಅಲರ್ಜಿಯಾದ ಮಾತ್ರಕ್ಕೆ ಯಾರೋ ತಪ್ಪಿತಸ್ಥರಾಗುವುದಿಲ್ಲ. ತಪ್ಪು ಎಲ್ಲಿದೆ ಎಂಬುದನ್ನು ಲೇಬಲ್ಲೇ ಹೇಳಬೇಕು. ಹೊರಗೆ ಹಚ್ಚುವ ಸ್ಟೀರಾಯ್ಡ್‌ಗಳಿಗೆ ಇದ್ದ ಸಡಿಲಿಕೆಯನ್ನು 2018ರಲ್ಲಿ ಕೇಂದ್ರ ಸರ್ಕಾರ ತೆಗೆದು, ಅಂಥ 14 ಔಷಧಗಳನ್ನು ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ತಂದಿತು. ಇವನ್ನು ಚೀಟಿಯಿಲ್ಲದೆ ಮಾರಿದರೆ ಅದು ನಿಯಮಭಂಗ. ಔಷಧ ನಿರೀಕ್ಷಕರಿಗೆ ಲಿಖಿತ ದೂರು ಕೊಡಬಹುದು. ಮುಲಾಮು ನಕಲಿ ಎಂಬ ಗುಮಾನಿಯಿದ್ದರೆ, 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ 26ನೇ ಕಲಮಿನಡಿ ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷಿಸಿ ಸಹಿಯುಳ್ಳ ವರದಿ ಪಡೆಯಬಹುದು. ಈ ಹಕ್ಕನ್ನು ಬಳಸುವವರು ಕಾಣುವುದೇ ಅಪರೂಪ.

ಹಾಗಾಗಿ ಉರಿಯ ಸಿಟ್ಟಿನಲ್ಲಿ ಟ್ಯೂಬನ್ನು ತಿಪ್ಪೆಗೆಸೆಯಬೇಡಿ. ಬ್ಯಾಚ್ ನಂಬರ್ ಇರುವ ಟ್ಯೂಬು, ಡಬ್ಬಿ, ಬಿಲ್ಲು, ಗಾಯದ ಫೋಟೊ, ಚರ್ಮವೈದ್ಯರ ಚೀಟಿ ಜೋಪಾನವಾಗಿಡಿ. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ ನಿಯಮಾವಳಿ ಹೇಳುತ್ತದೆ. ಬಿಲ್ ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ.

ಪರಿಹಾರ ಬೇಕಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ತಯಾರಕರ ಊರಿಗೆ ಅಲೆಯಬೇಕಿಲ್ಲ, ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ. ಗಡುವು ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನೂರಿನ್ನೂರರ ಮುಲಾಮಿಗೆ ಅದರ ಚಿಂತೆಯೇ ಬೇಡ. ಕೊಡಬೇಕಿದ್ದ ಎಚ್ಚರಿಕೆ ಕೊಟ್ಟಿಲ್ಲ, ಸರಕಿನಲ್ಲಿ ದೋಷವಿತ್ತು ಎಂದು ತೋರಿಸಿದರೆ ತಯಾರಕರ ಮೇಲೆ ಉತ್ಪನ್ನ ಹೊಣೆಗಾರಿಕೆ ಬರುತ್ತದೆ. ಲೇಬಲ್ ಸರಿಯಾಗಿದ್ದು ನಿಮ್ಮ ಮೈಗಷ್ಟೇ ಆಗಿಬರಲಿಲ್ಲವೆಂದರೆ ದಾವೆ ನಿಲ್ಲುವುದು ಕಷ್ಟ.

ಅಂಥಲ್ಲೂ 1800-180-3024ಕ್ಕೆ ಕರೆ ಮಾಡಿ. ಇದು ಔಷಧದ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ. ಹಣ ಸಿಗದು, ನಿಮ್ಮ ಅನುಭವ ದೇಶದ ಲೆಕ್ಕಕ್ಕೆ ಸೇರುತ್ತದೆ. ವಕೀಲರ ನೆರವು ಬೇಕಾದವರು ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.