ವಿಕಲಚೇತನ ಮಕ್ಕಳ ಆರೋಗ್ಯ ಸೇವೆ: ಸಕಾಲದ ಮಹತ್ವ

ಮಗುವಿನ ಬೆಳವಣಿಗೆಗೆ ಅಡಿಪಾಯ ಬೀಳುವುದು ಮೊದಲ ಕೆಲವು ವರ್ಷಗಳಲ್ಲಿ. ಆದುದರಿಂದ ವಿಕಲಚೇತನ ಮಕ್ಕಳಿಗೆ ದೊರೆಯುವ ಆರೋಗ್ಯ ಸೇವೆಯನ್ನು ಆಸ್ಪತ್ರೆಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು. ದೋಷ ಎಷ್ಟು ಬೇಗ ಪತ್ತೆಯಾಯಿತು, ಬಳಿಕ ಚಿಕಿತ್ಸೆ ಎಷ್ಟು ಬೇಗ ಆರಂಭವಾಗಿ ಕೊನೆಯವರೆಗೆ ನಡೆಯಿತು ಎಂಬುದೇ ಅದರ ನಿಜವಾದ ಅಳತೆಗೋಲು.

ಎರಡು ಉದಾಹರಣೆಗಳು

ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿರುವ ಶಿಶುವಿಗೆ ಮೊದಲ ವಾರಗಳಲ್ಲಿಯೇ ಚಿಕಿತ್ಸೆ ಆರಂಭಿಸಿದರೆ, ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್ ಕಟ್ಟಿನಿಂದ ಪಾದವನ್ನು ಕ್ರಮೇಣ ನೇರಗೊಳಿಸಬಹುದು. ಅನೇಕರಿಗೆ ಹಿಮ್ಮಡಿಯ ಬಳಿ ಚಿಕ್ಕ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಆಮೇಲೆ ವೈದ್ಯರು ಹೇಳಿದ ವಿಶೇಷ ಪಾದರಕ್ಷೆಯನ್ನು ಮೊದಲ ಸುಮಾರು 3 ತಿಂಗಳು ಬಹುತೇಕ ಇಡೀ ದಿನ, ಬಳಿಕ ಸುಮಾರು 4 ವರ್ಷ ವಯಸ್ಸಿನವರೆಗೆ ಮಲಗುವಾಗ ತೊಡಿಸಬೇಕು. ನಡುವೆ ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುವ ಸಂಭವವಿದೆ.

ಶ್ರವಣದೋಷದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. 1 ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ತಜ್ಞರು ಒಪ್ಪಿದ ಕ್ರಮ. "ತಡವಾಗಿ ಮಾತು ಬಂದೀತು" ಎಂದು ಕಾಯುತ್ತ ಕುಳಿತರೆ ಭಾಷೆ ಕಲಿಯುವ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಇರುವ ವ್ಯವಸ್ಥೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮಜಾತ ದೋಷ, ಪೋಷಕಾಂಶಗಳ ಕೊರತೆ, ರೋಗ ಮತ್ತು ಬೆಳವಣಿಗೆಯ ವಿಳಂಬಗಳನ್ನು ಗುರುತಿಸುತ್ತದೆ. ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ 2 ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 1 ಬಾರಿ ಭೇಟಿ ನೀಡಬೇಕೆಂಬುದು ನಿಯಮ. ಹೆಚ್ಚಿನ ಪರೀಕ್ಷೆ ಮತ್ತು ಚಿಕಿತ್ಸೆಗಾಗಿ ಜಿಲ್ಲಾ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಿವೆ. ಈ ಸೇವೆ ಉಚಿತ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಸಹ ಆಸ್ಪತ್ರೆಗಳಲ್ಲಿ ಅಡೆತಡೆಯಿಲ್ಲದ ಪ್ರವೇಶ ಹಾಗೂ ಚಿಕಿತ್ಸೆಯಲ್ಲಿ ಆದ್ಯತೆಯನ್ನು ವಿಧಿಸಿದೆ.

ಸುಧಾರಣೆ ಎಲ್ಲಿ ಬೇಕು?

ದೋಷವನ್ನು ಪತ್ತೆಹಚ್ಚಿ ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಸೇವೆ ಮುಗಿಯುವುದಿಲ್ಲ. ಆ ಚೀಟಿ ಹಿಡಿದ ಮಗು ಕೇಂದ್ರವನ್ನು ತಲುಪಿತೇ, ಎರಡನೆಯ ಬಾರಿಯೂ ಬಂದಿತೇ ಎಂದು ವಿಚಾರಿಸುವ ಕ್ರಮ ಬಲಗೊಳ್ಳಬೇಕು. ದಿನಗೂಲಿಯ ತಾಯಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಪಾದನೆಯ ನಷ್ಟ. ಚಿಕಿತ್ಸೆ ಮನೆಗೆ ಹತ್ತಿರವಾದಷ್ಟೂ ಅದು ನಿಲ್ಲದೆ ಮುಂದುವರಿಯುತ್ತದೆ.

ಕೆಲಸವನ್ನರಸಿ ಬೇರೆ ರಾಜ್ಯಕ್ಕೆ ಬಂದ ಕುಟುಂಬದ ಮಗುವಿನ ಹೆಸರು ಅಂಗನವಾಡಿಯ ಪಟ್ಟಿಯಲ್ಲಿ ಸೇರದೆ ಉಳಿಯಬಹುದು. ಖಾಸಗಿ ಶಾಲೆಗೆ ತಂಡ ಬಾರದಿರಬಹುದು. ಅಂಥ ಪೋಷಕರು ತಂಡಕ್ಕಾಗಿ ಕಾಯದೆ, ಆಶಾ ಕಾರ್ಯಕರ್ತೆಯನ್ನಾಗಲಿ ಜಿಲ್ಲಾ ಆಸ್ಪತ್ರೆಯನ್ನಾಗಲಿ ತಾವೇ ಸಂಪರ್ಕಿಸುವುದು ಒಳಿತು. ಮುಂಬಯಿಯ ಅಲಿ ಯಾವರ್ ಜಂಗ್ ವಾಕ್ ಮತ್ತು ಶ್ರವಣ ಸಂಸ್ಥೆ, ಸಿಕಂದರಾಬಾದಿನ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಸಮೀಪದ ಮುಟ್ಟುಕಾಡಿನ ಬಹುವಿಧ ವಿಕಲತೆಯ ರಾಷ್ಟ್ರೀಯ ಸಂಸ್ಥೆ ಇವು ಕೇಂದ್ರ ಸರ್ಕಾರದವು.

ಮಾತಿನ ತರಬೇತಿಗೆ ಹೋದಾಗ, ಮನೆಯಲ್ಲಿ ಆಡುವ ಭಾಷೆ ಕನ್ನಡವೆಂದು ತಜ್ಞರಿಗೆ ಮರೆಯದೆ ತಿಳಿಸಬೇಕು. ಮಗುವಿಗಾಗಿ ಮನೆಮಾತನ್ನು ತೊರೆಯಬೇಕಾಗಿಲ್ಲ. ತರಬೇತಿಯ ಹೆಚ್ಚಿನ ಪಾಲು ನಡೆಯುವುದು ಮನೆಯಲ್ಲಿ, ತಾಯಿತಂದೆಯರು ಸಹಜವಾಗಿ ಆಡುವ ನುಡಿಯಲ್ಲಿ.

ವಿಕಲತೆ ಯಾರ ಪಾಪದ ಫಲವೂ ಅಲ್ಲ, ಮುಚ್ಚಿಡಬೇಕಾದ ಸಂಗತಿಯೂ ಅಲ್ಲ. ಸಂಶಯ ಮೂಡಿದ ವಾರವೇ ಮಗುವನ್ನು ಪರೀಕ್ಷೆಗೆ ಕರೆದೊಯ್ಯುವುದು ಪೋಷಕರ ಕರ್ತವ್ಯ. ಬಂದ ಮಗುವನ್ನು ಕೈಬಿಡದೆ ನೋಡಿಕೊಳ್ಳುವುದು ಸೇವಾ ವ್ಯವಸ್ಥೆಯ ಕರ್ತವ್ಯ.