ತಾನೇ ಬರೆದ ಹಳೆಯ ಕ್ರಮವಿಧಿಗೆ ಮರುಜೀವ

ಬಾಲ್ಯದಲ್ಲಿ ಬರೆದ ಪದ್ಯದ ಹಾಳೆಯೊಂದು ಹಳೆಯ ಪೆಟ್ಟಿಗೆಯಲ್ಲಿ ದೊರೆತರೆ ಯಾರಿಗೆ ತಾನೆ ಆನಂದವಾಗದು? ಹಾಳೆ ಹಳದಿಗಟ್ಟಿದ್ದರೂ ಅಕ್ಷರ ಬಲ್ಲವರು ಅದನ್ನು ಓದಬಲ್ಲರು. ಗಣಕಯಂತ್ರಕ್ಕೆಂದು ಬರೆದ ಕ್ರಮವಿಧಿಯ ಪಾಡು ಹಾಗಲ್ಲ. ಅದನ್ನು ನಡೆಸುವ ಯಂತ್ರವೇ ಇಲ್ಲವಾದಾಗ ಅದು ಮೂಕವಾಗುವುದು. ಅದನ್ನು ಮತ್ತೆ ನುಡಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

1984ರಲ್ಲಿ ‘ಕ್ಲಾಸ್’ ಎಂಬ ಯೋಜನೆ ಆರಂಭವಾಗಿ, ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಗಣಕಗಳು ಬಂದವು. ಅದರ ‘ಬಿ’ ಮಾದರಿಯ ಸ್ಮರಣಶಕ್ತಿ ಕೇವಲ 32 ಕಿಲೋಬೈಟು. ಅದರ ಭಾಷೆ ಬೇಸಿಕ್. ಈ ಭಾಷೆಯ ಮೂಲರೂಪವನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಗಣಿತಾಧ್ಯಾಪಕರು ರಚಿಸಿದ್ದರು. ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಡುವುದು ವಾಡಿಕೆ. ಮರೆತುದನ್ನು ನಡುವೆ 15 ಎಂದು ಸೇರಿಸಲು ಅದರಿಂದ ಎಡೆ ದೊರೆಯುತ್ತಿತ್ತು.

ಅಂಥ ಗಣಕಕ್ಕೆ ಬರೆದ ಮಗ್ಗಿಯ ಆಟವೊಂದನ್ನು ಈಗ ನಡೆಸಬೇಕಾದರೆ, ಮೊದಲು ಅದರ ಬರಹ ಕೈಗೆ ಸಿಗಬೇಕು. ಕ್ಯಾಸೆಟ್, ಫ್ಲಾಪಿಗಳ ಕಾಂತಗುಣ ಕಾಲಕ್ರಮದಲ್ಲಿ ಕುಂದುವುದು; ಆದುದರಿಂದ ಕಾಗದದ ಮೇಲಿನ ಪ್ರತಿಯೇ ಹಲವೊಮ್ಮೆ ಕೊನೆಯ ಆಸರೆ. ಎರಡನೆಯದಾಗಿ ಎಮ್ಯುಲೇಟರ್ ಬೇಕು. ಇದು ಹೊಸ ಗಣಕದೊಳಗೆ ಹಳೆಯ ಗಣಕದಂತೆಯೇ ವರ್ತಿಸುವ ಕ್ರಮವಿಧಿ. ಇದನ್ನು ಬಿಟ್ಟು, ಆಟವನ್ನು ಹೊಸ ಭಾಷೆಗೆ ಸಾಲುಸಾಲಾಗಿ ಇಳಿಸಿದರೆ ವಿಚಿತ್ರವೊಂದು ನಡೆಯುವುದುಂಟು. ಸ್ವಲ್ಪ ಹೊತ್ತು ಕಾಯಲೆಂದು ‘ಒಂದರಿಂದ ಐದು ಸಾವಿರದವರೆಗೆ ಎಣಿಸು’ ಎಂದು ಬರೆದಿದ್ದರೆ, ಹೊಸ ಯಂತ್ರವು ರೆಪ್ಪೆ ಬಡಿಯುವ ಮೊದಲೇ ಎಣಿಸಿ ಮುಗಿಸುವುದು. ಆಡುವವನಿಗೆ ಪ್ರಶ್ನೆಯನ್ನು ಓದಲೂ ವೇಳೆ ಸಿಗದು.

ಕನ್ನಡಿಗರಿಗೆ ಇನ್ನೊಂದು ತೊಡಕೂ ಉಂಟು. ಹಿಂದಿನ ಅನೇಕ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಆ ವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡವು ಅರ್ಥಹೀನ ರೋಮನ್ ಚಿಹ್ನೆಗಳಾಗಿ ತೋರುವುದು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ 128 ಸ್ವಂತ ಸ್ಥಾನಗಳನ್ನು ಮೀಸಲಿಟ್ಟಿತು; ಹಳೆಯ ಬರಹವನ್ನು ಅದಕ್ಕೆ ಪರಿವರ್ತಿಸಿದರೆ ಮಾತ್ರ ಅದು ಮತ್ತೆ ಕನ್ನಡವಾಗುವುದು.

ಇಷ್ಟು ಶ್ರಮ ಬರಿಯ ಹಂಬಲಕ್ಕೇ ಎಂದು ಕೆಲವರು ಕೇಳಬಹುದು. ಹಂಬಲವೂ ಸಣ್ಣದಲ್ಲ, ಅಂದು ತಾನು ಹೇಗೆ ಯೋಚಿಸುತ್ತಿದ್ದೆನೆಂಬುದನ್ನು ಹಳೆಯ ಕ್ರಮವಿಧಿ ಸಾಲುಸಾಲಾಗಿ ತೋರಿಸುವುದು. ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮಕ್ಕಳು ಎರಡು ನುಡಿಗಳ ನಡುವೆ ಬೆಳೆಯುವವರು. ಅವರು ಬರೆದ ಕನ್ನಡವು ಮುಂದೆ ಅವರಿಗೇ ಓದಲು ಬಾರದಂತಾದರೆ ಆ ನಷ್ಟವನ್ನು ತುಂಬುವವರಾರು? ಆದುದರಿಂದ ವಿದ್ಯಾರ್ಥಿಗಳು ತಮ್ಮ ಕ್ರಮವಿಧಿಯನ್ನು ಯೂನಿಕೋಡಿನಲ್ಲಿ ಉಳಿಸಲಿ. ಪ್ರತಿ ಭಾಗದ ಉದ್ದೇಶವನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆಯಲಿ. ಒಂದು ಪ್ರತಿಯನ್ನು ಕಾಗದದ ಮೇಲೂ ಇಡಲಿ.